ಫೆಸ್ಟಸ್ ಮನ್ನಿಯನ್ ಹಾಡದ ಹಾಡು

ಫೆಸ್ಟಸ್ ಮನ್ನಿಯನ್ ನಡೆಯುವುದನ್ನು ದೂರದಿಂದ ನೋಡಿದರೆ, ತುಂಬಿದ ಚಹಾದ ಬಟ್ಟಲನ್ನು ಕೈಯಲ್ಲಿ ಹಿಡಿದು ಜನಸಂದಣಿಯ ನಡುವೆ ಹಾದುಹೋಗುತ್ತಿದ್ದಾರೆ ಅನ್ನಿಸುತ್ತದೆ. ಕೈ ಖಾಲಿಯೇ ಇರುತ್ತದೆ. ನದಿದಂಡೆಯ ಆ ಹಾದಿಯಲ್ಲಿ ಎದುರಿಗೆ ಒಂದು ನರಪಿಳ್ಳೆಯೂ ಇರುವುದಿಲ್ಲ. ಆದರೂ ಒಂದು ಭುಜವನ್ನು ಮುಂದೆ ಮಾಡಿ, ಇನ್ನೊಂದನ್ನು ಹಿಂದಕ್ಕೆಳೆದುಕೊಂಡು, ಬೀಸುವ ಗಾಳಿಗೂ ದಾರಿ ಬಿಡುವವರಂತೆ ಓರೆಯಾಗಿ ನಡೆಯುತ್ತಾರೆ. ಬಾಗಿಲು ಸಿಕ್ಕರಂತೂ ಮುಗಿಯಿತು. ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡಿ, ಬರುತ್ತಿದ್ದರೆ ಅವರನ್ನು, ಅವರ ಹಿಂದಿನವರನ್ನು, ಅವರ ಗೆಳೆಯರನ್ನು ಒಳಗೆ ಬಿಟ್ಟ ಮೇಲೆಯೇ ತಾವು ಕಾಲಿಡುವುದು. ಒಮ್ಮೆ ಗ್ರಂಥಾಲಯದ ಬಾಗಿಲನ್ನು ಅಷ್ಟು ಹೊತ್ತು ಹಿಡಿದು ನಿಂತಿದ್ದಕ್ಕೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಅವರನ್ನು ಕಾವಲುಗಾರನೆಂದು ತಿಳಿದು ತನ್ನ ಒದ್ದೆ ಕೊಡೆಯನ್ನು ಅವರ ಕೈಗೆ ಕೊಟ್ಟು ಹೋದಳು. ಅವಳು ತಿರುಗಿ ಬರುವವರೆಗೂ ಕೊಡೆ ಹಿಡಿದುಕೊಂಡೇ ಇದ್ದರಂತೆ.

ನಮ್ಮ ಐರ್ಲೆಂಡಿನ ಕಡೆ ಯಾರಾದರೂ ಚಹಾ ಬೇಕೇ ಎಂದು ಕೇಳಿದರೆ ಎರಡು ಸಲ ಬೇಡವೆನ್ನುವುದು, ಮೂರನೆಯ ಸಲ "ಹಾಗಾದ್ರೆ ಒಂದು ಗುಟುಕು" ಎನ್ನುವುದು ವಾಡಿಕೆ. ಫೆಸ್ಟಸ್ ಅದನ್ನು ಐದಾರು ಸಲದವರೆಗೆ ಎಳೆಯುತ್ತಾರೆ. ಜರ್ಮನಿಯಿಂದ ಬಂದ ವಿದ್ವಾಂಸರೊಬ್ಬರು ಒಂದೇ ಸಲ ಕೇಳಿ ಸುಮ್ಮನಾದ ದಿನ, ಮಧ್ಯಾಹ್ನವಿಡೀ ಫೆಸ್ಟಸ್ ಒಣಗಿದ ಗಂಟಲಿನಲ್ಲಿ ಅವರಿಗೆ ಪಿಟೀಲಿನ ಚರಿತ್ರೆ ಹೇಳಿದರು.

ಫೆಸ್ಟಸ್ ನಮ್ಮ ವಿಶ್ವವಿದ್ಯಾಲಯದಲ್ಲಿ ಐರಿಷ್ ಸಂಗೀತ, ನೃತ್ಯ, ಜನಸಂಸ್ಕೃತಿಯ ಅಧ್ಯಾಪಕರು. ಬುಧವಾರ ಮಧ್ಯಾಹ್ನದ ಅವರ ಉಪನ್ಯಾಸಕ್ಕೆ ಊರವರೂ ಬರುತ್ತಾರೆ: ಮೀನಿನಂಗಡಿಯವರು, ನಿವೃತ್ತ ನರ್ಸುಗಳು, ಮಳೆಗೆ ಅಂಜಿ ಒಳಗೆ ನುಗ್ಗಿದವರು. ಅಲ್ಲಿ ಮಾತು ಇರುತ್ತದೆ, ಪಿಟೀಲು ಇರುತ್ತದೆ, ಕೊನೆಗೆ ಯಾರಾದರೊಬ್ಬರ ಕುಣಿತವೂ ಇರುತ್ತದೆ. ಸಭಾಂಗಣದ ನೆಲಕ್ಕೆ ದಪ್ಪ ರತ್ನಗಂಬಳಿ ಹಾಸಿದ ವರ್ಷ ಕುಣಿಯುವವರ ಕಾಲ ಸದ್ದೇ ಕೇಳದಾಯಿತು. ಫೆಸ್ಟಸ್ ಯಾರಿಗೂ ದೂರು ಕೊಡಲಿಲ್ಲ. ಮುಂದಿನ ಬುಧವಾರ ಕಾರಿನ ತಲೆಯ ಮೇಲೆ ಮರದ ಬಾಗಿಲೊಂದನ್ನು ಕಟ್ಟಿಕೊಂಡು ಬಂದರು. ಹಿಂದಿನ ಕಾಲದಲ್ಲಿ ಮಣ್ಣುನೆಲದ ಮನೆಗಳಲ್ಲಿ ಕುಣಿಯಲು ಬಾಗಿಲನ್ನೇ ಕಳಚಿ ಹಾಸುತ್ತಿದ್ದರಲ್ಲ, ಹಾಗೆ.

"ಏನ್ರೀ ಫೆಸ್ಟಸ್, ಮನೆ ಖಾಲಿ ಮಾಡ್ತಿದ್ದೀರಾ?" ಎಂದ ಗೇಟಿನ ಕಾವಲುಗಾರ.

"ಇಲ್ಲ ಮಾರಾಯ, ಬಾಗಿಲು ಮಾತ್ರ."

"ಮತ್ತೆ ಮನೆಗೆ?"

"ಮನೆ ನನ್ನದಲ್ಲ, ಚಿಕ್ಕಪ್ಪಂದು. ಅವನಿಗೆ ಗಾಳಿ ಅಂದ್ರೆ ಬಹಳ ಇಷ್ಟ."

"ನನ್ನದಲ್ಲ" ಎಂಬುದು ಅವರ ಬಾಯಿಂದ ಉಸಿರಿನಷ್ಟೇ ಸಲೀಸಾಗಿ ಬರುವ ಮಾತು. ಮೈಮೇಲಿನ ಉದ್ದ ತೋಳಿನ ನೀಲಿ ಉಣ್ಣೆಯ ಕೋಟು ಅವರದಲ್ಲ, ತೀರಿಕೊಂಡ ಸೋದರಮಾವನದು. ಪಿಟೀಲು ಗುರುಗಳದು. ಧಾಟಿಗಳಂತೂ ಒಂದೂ ಅವರದಲ್ಲ. ಪ್ರತಿಯೊಂದನ್ನು ನುಡಿಸುವ ಮುಂಚೆ ಅದು ಯಾರಿಂದ ಬಂತು, ಅವರಿಗೆ ಯಾರು ಕೊಟ್ಟರು, ಕೊಟ್ಟವರು ಯಾವ ಮದುವೆಯಲ್ಲಿ ಅದನ್ನು ಕೇಳಿದರು ಎಂದು ಹೇಳಲೇಬೇಕು. ಎಷ್ಟೋ ಸಲ ಧಾಟಿಗಿಂತ ವಂಶಾವಳಿಯೇ ಉದ್ದ. ಗಟ್ಟಿ ಅಟ್ಟೆಯ ಬೂಟು ಹಾಕಿ ಬಾಗಿಲ ಮೇಲೆ ಕಾಲೆತ್ತಿ ನಿಂತ ನರ್ತಕಿಯರು ಆ ಕಾಲನ್ನು ಇಳಿಸಿ, ನೀರು ಕುಡಿದು, ಮತ್ತೆ ಎತ್ತಿದ್ದುಂಟು.

ಇಷ್ಟು ಮರ್ಯಾದಸ್ಥ ಮನುಷ್ಯನಿಂದಲೂ ಒಂದು ಅನ್ಯಾಯ ನಡೆಯುತ್ತಿತ್ತು. ಅದಕ್ಕೆ ಕಾರಣವೂ ಆ ಮರ್ಯಾದೆಯೇ.

ಫೆಸ್ಟಸರ ಕರಾವಳಿಯ ಹಳ್ಳಿಯಲ್ಲಿ ಬಾರ್ಟ್ಲಿ ಕ್ಯಾನವನ್ ಎಂಬ ಮುದುಕನಿದ್ದ. ದ್ವೀಪಗಳಿಗೆ ಉರುವಲು ಹೊತ್ತುಹೋಗಿ ಮರಳದ ದೋಣಿಯೊಂದನ್ನು ಕುರಿತ ಹಳೆಯ ಹಾಡು ಅವನದಾಗಿತ್ತು. ಅವನು ಕಟ್ಟಿದ್ದಲ್ಲ, ಅವನು ಹಾಡುತ್ತಿದ್ದದ್ದು. ನಮ್ಮಲ್ಲಿ ಅಷ್ಟಾದರೆ ಹಾಡು ಅವನದು. ಅವನು ಬದುಕಿರುವತನಕ, ಅದರಲ್ಲೂ ಅವನು ಕೂತಿರುವ ಕೋಣೆಯಲ್ಲಿ, ಇನ್ನೊಬ್ಬರು ಅದಕ್ಕೆ ಬಾಯಿ ಹಾಕುವುದಿಲ್ಲ. ಬಾರ್ಟ್ಲಿ ಎಂದೂ ಧ್ವನಿಮುದ್ರಣ ಯಂತ್ರದ ಮುಂದೆ ಹಾಡಿದವನಲ್ಲ. ಹಾಡು ಅವನ ಗಂಟಲಿನಲ್ಲಿತ್ತು, ಮತ್ತೆ ಎಳವೆಯಿಂದ ಅವನ ಅಡುಗೆಮನೆಯ ಒಲೆ ಪಕ್ಕ ಕೂತು ಕೇಳುತ್ತ ಬಂದಿದ್ದ ಫೆಸ್ಟಸರ ನೆನಪಿನಲ್ಲಿತ್ತು. ಇನ್ನೆಲ್ಲೂ ಇಡಿಯಾಗಿ ಇರಲಿಲ್ಲ.

ಆಮೇಲೆ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಬಾರ್ಟ್ಲಿಯ ದನಿ ಹೋಯಿತು. ಒಣ ಎಲೆ ಉಜ್ಜಿದಂಥ ಪಿಸುಮಾತಷ್ಟೇ ಉಳಿಯಿತು. ಭಾನುವಾರ ಪಬ್ಬಿನಲ್ಲಿ ಅವನು ತನ್ನ ಮೂಲೆಯಲ್ಲಿ ಬಂದು ಕೂರುತ್ತಿದ್ದ; ಉಳಿದವರು ಬೇರೆ ಹಾಡು ಹಾಡುತ್ತಿದ್ದರು; ದೋಣಿಯ ಹಾಡಿನ ಸರದಿ ಬರುವ ಹೊತ್ತಿಗೆ ಎಲ್ಲರೂ ಗ್ಲಾಸು ನೋಡುತ್ತಿದ್ದರು. ಫೆಸ್ಟಸ್ ಕಾರಿನಲ್ಲಿ ಒಬ್ಬರೇ ಹೋಗುವಾಗಲೂ ಅದನ್ನು ಗುನುಗುತ್ತಿರಲಿಲ್ಲ. ಒಂದು ಸಂಜೆ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದಾಗ ಕೊನೆಯ ನುಡಿಗೆ ಮುಂಚಿನದು ಸಿಗಲಿಲ್ಲ. ಬಾರ್ಟ್ಲಿಯನ್ನು ಕೇಳೋಣವೆಂದರೆ, ನಿನ್ನ ಆಸ್ತಿ ಎಲ್ಲಿಟ್ಟಿದ್ದೀಯ ಎಂದು ಬದುಕಿರುವವನನ್ನೇ ಕೇಳಿದಂತೆ. ಕೇಳಲಿಲ್ಲ.

ಆ ವಸಂತದ ಒಂದು ಬುಧವಾರ ಉಪನ್ಯಾಸದ ವಿಷಯ 'ಹಾಡು ಯಾರದು?' ಎಂದಿತ್ತು. ಫೆಸ್ಟಸ್ ಚೆನ್ನಾಗಿಯೇ ಮಾತಾಡಿದರು. ಹೆಸರು ಹೇಳದೆ, "ನಮ್ಮೂರಲ್ಲಿ ಒಂದು ಹಾಡಿದೆ. ಅದರ ಯಜಮಾನನಿಗೆ ಈಗ ಹಾಡಲು ಆಗದು. ಆದರೆ ಅವನಿರುವಾಗ ನಾವ್ಯಾರೂ ಅದನ್ನು ಮುಟ್ಟುವುದಿಲ್ಲ. ಮೌನವೇ ಅವನಿಗೆ ನಾವು ಕೊಡುವ ಗೌರವ" ಎಂದರು. ಸಭೆ ತಲೆದೂಗಿತು.

ಹಿಂದಿನ ಸಾಲಿನಲ್ಲಿ ಯಾರೋ ಊರುಗೋಲಿನಿಂದ ಕುರ್ಚಿಯ ಬೆನ್ನಿಗೆ ಬಡಿದರು. ಬಾರ್ಟ್ಲಿ ಎದ್ದು ನಿಂತಿದ್ದ. ಪಕ್ಕದಲ್ಲಿ ಅವನನ್ನು ಕರೆತಂದಿದ್ದ ತಂಗಿಯ ಮಗಳು ಅಟ್ರಾಕ್ಟಾ. ಆಸ್ಪತ್ರೆಯ ತಪಾಸಣೆಗೆಂದು ಪಟ್ಟಣಕ್ಕೆ ಬಂದವರು ಹಾಗೇ ಇತ್ತ ಬಂದಿದ್ದರು. ಮುದುಕನ ತುಟಿ ಆಡುತ್ತಿತ್ತು, ಒಂದಕ್ಷರವೂ ಕೇಳುತ್ತಿರಲಿಲ್ಲ.

"ಏನಂತಾರೆ?" ಎಂದರು ಫೆಸ್ಟಸ್.

ಅಟ್ರಾಕ್ಟಾ ಕಿವಿಗೊಟ್ಟು ಕೇಳಿ ಕೆಂಪಾದಳು. "ಮೊದಲನೇ ಮಾತು ಸಭೆಯಲ್ಲಿ ಹೇಳೋ ಹಾಗಿಲ್ಲ."

"ಎರಡನೇದು?"

"ಅದೂ ಅಷ್ಟೇ." ನಗು ಎದ್ದಿತು. ಅವಳು ಮತ್ತೆ ಬಾಗಿ ಕೇಳಿದಳು. ಈ ಸಲ ಅವಳ ದನಿಯಲ್ಲಿ ನಗುವಿರಲಿಲ್ಲ. "ಪ್ರತಿ ಭಾನುವಾರ ಬಂದು ಕೂತೆ, ಯಾರಾದ್ರೂ ಹಾಡ್ತೀರಾ ಅಂತ. ಒಬ್ಬನೂ ಬಾಯಿ ಬಿಡಲಿಲ್ಲ. ಮರೆತೇಬಿಟ್ರಲ್ಲ ಅಂದುಕೊಂಡು ಮನೆಗೆ ಹೋಗ್ತಿದ್ದೆ, ಅಂತಾರೆ."

"ಅದು ನಿಮ್ಮ ಹಾಡು, ಬಾರ್ಟ್ಲಿ. ನಾವು ಹೇಗೆ..."

"ಹೋಗಿದ್ದು ನನ್ನ ಗಂಟಲು ಕಣೋ ಫೆಸ್ಟಸ್, ಕಿವಿ ಅಲ್ಲ, ಅಂತಾರೆ." ಅಟ್ರಾಕ್ಟಾ ಕಣ್ಣೊರೆಸಿಕೊಂಡಳು. "ಹಾಡು ಅಂತಾರೆ. ಈಗಲೇ."

ಎಂದೂ ಯಾರಿಗಿಂತ ಮುಂದೆ ಹೆಜ್ಜೆಯಿಡದ ಮನುಷ್ಯ ಅಂದು ಬಾಗಿಲ ಹಲಗೆಯ ಮೇಲೆ ಒಬ್ಬರೇ ನಿಂತು, ಕಣ್ಣು ಮುಚ್ಚಿ, ತೀರ ಎತ್ತರದ ಶ್ರುತಿಯಲ್ಲಿ ಶುರುಮಾಡಿದರು. ಮೊದಲ ನುಡಿಯನ್ನು ಪರರ ಮನೆಯಲ್ಲಿ ಪಾತ್ರೆ ಎತ್ತಿಡುವವರಂತೆ ಸದ್ದಾಗದ ಹಾಗೆ ಹಾಡಿದರು. ಅಷ್ಟರಲ್ಲಿ ಬಾರ್ಟ್ಲಿ ಸಾಲುಗಳ ನಡುವೆ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ. ಹಾಡುಗಾರನ ಕೈ ಹಿಡಿದು ಲಯಕ್ಕೆ ತಕ್ಕಂತೆ ನಿಧಾನವಾಗಿ ಸುತ್ತಿಸುವುದು ನಮ್ಮ ಕಡೆ ಕೇಳುವವರು ಮಾಡುವ ಉಪಚಾರ. ಮುದುಕ ಫೆಸ್ಟಸರ ಕೈ ಹಿಡಿದ. ಆದರೆ ಅವನ ಸುತ್ತಿನಲ್ಲಿ ಉಪಚಾರವಿರಲಿಲ್ಲ. ಮೊಂಡು ಹಸುವನ್ನು ಹಗ್ಗ ಹಿಡಿದು ಎಳೆಯುವಂತೆ ಅವನು ದನಿಯನ್ನು ಫೆಸ್ಟಸರ ಎದೆಯಿಂದ ಹೊರಗೆಳೆದ. ಎರಡನೆಯ ನುಡಿಗೆ ಫೆಸ್ಟಸರ ಗಂಟಲು ಬಿಚ್ಚಿತು. ದೋಣಿ ಹೊರಟಿತು, ಹಾಯಿ ತುಂಬಿತು, ದಂಡೆಯ ಹೆಂಗಸರು ಸಣ್ಣದಾದರು.

ಕೊನೆಯದಕ್ಕೆ ಮುಂಚಿನ ನುಡಿಯ ಬಳಿ ಹಾಡು ನಿಂತಿತು. ಕೈ ಮಾತ್ರ ಸುತ್ತುತ್ತಲೇ ಇತ್ತು. ಬಾರ್ಟ್ಲಿ ಫೆಸ್ಟಸರ ಕಿವಿಗೆ ಬಾಯಿಯಿಟ್ಟು ಒಂದು ಸಾಲು ಉಸುರಿದ. ಅದು ದನಿಯಾಗಿ ಹೊರಬಂತು. ಇನ್ನೊಂದು ಉಸುರಿದ, ಅದೂ ಬಂತು. ಹಾಗೆ ಆ ನುಡಿಯೆಲ್ಲ ಒಬ್ಬನ ಉಸಿರಿನಿಂದ ಇನ್ನೊಬ್ಬನ ಗಂಟಲಿಗೆ ದಾಟಿತು. ಕೊನೆಯ ನುಡಿಯನ್ನು ಫೆಸ್ಟಸ್ ತಾವೇ ಹಾಡಿದರು. ಮುದುಕ ಅವರ ಕೈ ಬಿಟ್ಟು, ಏನೋ ಅಂದು, ಕೋಲೂರಿಕೊಂಡು ಹೊರಟ.

ಏನಂದ ಎಂದು ಆಮೇಲೆ ಕೇಳಿದವರಿಗೆ ಫೆಸ್ಟಸ್ ನಾಚಿಕೊಂಡು ಹೇಳಿದರು: "ಶ್ರುತಿ ಸ್ವಲ್ಪ ಕೆಳಗೆ ಹಿಡಿಯೋ ಕತ್ತೆ, ಭಾನುವಾರ ಸರಿಯಾಗಿ ಹಾಡು ಅಂದ್ರು."

ಆ ಭಾನುವಾರ ಹಾಡಿದರು. ಮುಂದಿನ ಭಾನುವಾರ ಬೇರೊಬ್ಬರು ಹಾಡಿದರು, ತಪ್ಪು ತಪ್ಪಾಗಿ; ಮೂಲೆಯಿಂದ ಊರುಗೋಲು ಬಡಿಯಿತು. ಆ ಸದ್ದು ಕೇಳಿದಷ್ಟು ಸಂತೋಷ ಆ ಪಬ್ಬಿನವರಿಗೆ ಎಷ್ಟೋ ಕಾಲದಿಂದ ಆಗಿರಲಿಲ್ಲ.

ಫೆಸ್ಟಸರಂಥವರು ಎಲ್ಲ ನಾಡಿನಲ್ಲೂ ಇರುತ್ತಾರೆ. ಅವರಿಗೆ ಯಾವುದೂ ತಮ್ಮದಲ್ಲವಾದ್ದರಿಂದ ಎಲ್ಲವನ್ನೂ ಜೋಪಾನ ಮಾಡುತ್ತಾರೆ. ಅವರಿಲ್ಲದಿದ್ದರೆ ಎಷ್ಟೋ ಹಾಡು ಹೆಸರಿಲ್ಲದೆ ಅಲೆದು ಕಳೆದುಹೋಗುತ್ತಿದ್ದವು. ಆದರೆ ಅವರ ಪ್ರೀತಿಗೆ ಮುಟ್ಟಲು ಭಯ. ಎಲ್ಲಿ ನೋವಾಗುತ್ತದೋ ಎಂದು ದೂರ ನಿಲ್ಲುತ್ತಾರೆ, ಆ ದೂರವೇ ನೋವಾಗಿದೆ ಎಂಬುದು ಅವರಿಗೆ ತಾವಾಗಿ ಎಂದೂ ತಿಳಿಯುವುದಿಲ್ಲ. ಅಂಥವರಿಗೆ ಹೊಗಳಿಕೆ ಎಷ್ಟು ಸಿಕ್ಕರೂ ಪ್ರಯೋಜನವಿಲ್ಲ. ಹೊತ್ತು ಮೀರುವ ಮುನ್ನ, ಹಕ್ಕಿನಿಂದ ಬಯ್ಯುವವರು ಒಬ್ಬರು ಸಿಗಬೇಕು.