ಓದಿದವರು ಅಳಿಸಬೇಕು

ಅಕ್ಕ ತಂಗಿ ಇಬ್ಬರೇ ಸೇರಿ ಕಟ್ಟಿದ ಆಫೀಸು ಅದು. ಒಂದು ಕೋಣೆ, ಎರಡು ಮೇಜು, ಸದಾ ಗೊಣಗುವ ಒಂದು ಫ್ಯಾನು. ಅಂಗಡಿಯವರ, ಡಾಕ್ಟರುಗಳ ವೆಬ್‌ಸೈಟು ನೋಡಿಕೊಳ್ಳುವುದು ಕೆಲಸ. ಯಾವ ಹೆಸರು ಹೊಡೆದರೆ ಯಾವ ಕಂಪ್ಯೂಟರಿಗೆ ಹೋಗಬೇಕು, ಯಾರ ಇಮೇಲ್ ಎಲ್ಲಿಗೆ ಬರಬೇಕು ಎಂದು ಹೇಳುವ ಡಿಎನ್‌ಎಸ್ ಪಟ್ಟಿ ಅಕ್ಕನಿಗೆ ಬಾಯಿಪಾಠ. ಬೇಕೆನಿಸಿದಾಗ ನೇರವಾಗಿ ಕೈ ಹಾಕಿ ಬದಲಾಯಿಸಿಬಿಡುವಳು. ತಂಗಿಯದು ತದ್ವಿರುದ್ಧ, ಎಲ್ಲವೂ ಮೊದಲು ಫೈಲಿನಲ್ಲಿ ಬರೆದಿರಬೇಕು.

ಇಬ್ಬರ ನಡುವೆ ಒಂದು ಹುಡುಗಾಟವಿತ್ತು. ಡಿಎನ್‌ಎಸ್‌ನಲ್ಲಿ ಬರೀ ಮಾತು ಬರೆಯಲೂ ಜಾಗವಿದೆ ನೋಡಿ. ಹೊರಗೆ ಹೊರಟವರು ಅಲ್ಲಿ 'ಚೀಟಿ' ಎಂಬ ಹೆಸರಿನಲ್ಲಿ ಒಂದು ಸಾಲು ಬರೆದಿಡುವುದು. ಬ್ಯಾಂಕಿಗೆ ಹೋಗಿದೀನಿ, ನನ್ನ ಬಾಳೆಹಣ್ಣು ಮುಟ್ಟಬೇಡ. ಹೀಗೆ. ನಿಯಮ ಒಂದೇ: ಓದಿದವರು ಅಳಿಸಬೇಕು. ಸಾಲು ಮಾಯವಾಗಿದ್ದರೆ ಇನ್ನೊಬ್ಬಳು ಓದಿದ್ದಾಳೆ ಎಂದರ್ಥ. ಯಾರು ಬೇಕಾದರೂ ನೋಡಬಹುದಾದ ಜಾಗ, ನೋಡುತ್ತಿದ್ದವರು ಮಾತ್ರ ಇವರಿಬ್ಬರೇ.

ಒಂದು ಸಲ ಅಕ್ಕ ಬರೆದಿಡದೆ ಮಾಡಿದ ಬದಲಾವಣೆಯಿಂದ ಒಬ್ಬ ಹಲ್ಲಿನ ಡಾಕ್ಟರ ಇಮೇಲ್ ಎರಡು ದಿನ ನಿಂತುಹೋಯಿತು. ಡಾಕ್ಟರು ಬಂದು ಎದುರಿಗೇ ಕೂತಿದ್ದರು. ತಂಗಿಗೋ ಸಿಟ್ಟು ಮೂಗಿನ ತುದಿಯಲ್ಲಿ.

"ನಿನ್ನನ್ನ ನಂಬ್ಕೊಂಡು ನಾನು ಕೆಟ್ಟೆ," ಅಂದುಬಿಟ್ಟಳು.

ಅಕ್ಕ ಕೈಚೀಲ ತೆಗೆದುಕೊಂಡು ಹೊರಟಳು. ತಿಂಗಳೊಳಗೆ ಊರು ಬಿಟ್ಟಳು, ಫೋನ್ ನಂಬರೂ ಬದಲಾಯಿತು.

ಹಿಂದೆಯೇ ಓಡಿಹೋಗಿ ಕೈ ಹಿಡಿದು ಕರೆತರಬೇಕಿತ್ತಪ್ಪ. ಈ ಮಹಾತಾಯಿ ಮಾಡಿದ್ದೇನು? ಒಂದು ಟೂಲ್ ತಂದು ಕೂರಿಸಿದಳು. ಗಂಟೆಗೊಮ್ಮೆ ಅದು ಹೊರಗೆ ಚಾಲ್ತಿಯಲ್ಲಿರುವ ಪಟ್ಟಿಯನ್ನು ಫೈಲಿನ ಜೊತೆ ಹೋಲಿಸಿ ನೋಡಬೇಕು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಯಾರನ್ನೂ ಕೇಳದೆ ಫೈಲಿನಲ್ಲಿದ್ದಂತೆ ಮಾಡಿ ವರದಿ ಕಳಿಸಬೇಕು. ಅದಕ್ಕೆ ದಫೇದಾರ ಎಂದು ಹೆಸರು ಬೇರೆ. ವರದಿಗಳು ಇನ್ನೊಂದು ಇಮೇಲಿಗೆ ಹೋಗಿ ಬೀಳುತ್ತಿದ್ದವು, ಓದುವ ಪುರುಸೊತ್ತು ಯಾರಿಗಿದೆ.

ಆದರೆ ಅಕ್ಕನ ಪಾಸ್‌ವರ್ಡನ್ನು ಮಾತ್ರ ಅವಳು ತೆಗೆಯಲಿಲ್ಲ; ಅಕ್ಕ ಎಲ್ಲಿದ್ದರೂ ಪಟ್ಟಿಯೊಳಗೆ ಬಂದು ಬರೆಯಬಹುದಿತ್ತು. ಮೂರು ವರ್ಷ, ಬೆಳಿಗ್ಗೆ ಬೀಗ ತೆಗೆದ ಕೂಡಲೇ ಮೊದಲು ನೋಡುತ್ತಿದ್ದದ್ದು ಚೀಟಿಯನ್ನೇ. ಖಾಲಿ. ತಾನೇ ಬರೆಯೋಣವೆಂದರೆ ಹಾಳು ಜಂಭ. ದೊಡ್ಡವಳು ಅವಳು, ಅವಳೇ ಮೊದಲು ಬರೀಲಿ ಎಂದು ಮುಖ ಊದಿಸಿಕೊಂಡು ಕೆಲಸಕ್ಕೆ ಕೂರುವಳು. ಅಕ್ಕನ ಮೇಜಿನ ಮೇಲೆ ಹಳೆಯ ಕೀಬೋರ್ಡು, ವೈರು, ಖಾಲಿ ಡಬ್ಬ ಎಲ್ಲ ಸೇರಿ ಗುಡ್ಡೆಯಾಯಿತು.

ಒಂದು ದಿನ ವರದಿಯ ಇಮೇಲ್ ತುಂಬಿದೆ ಎಂದು ಸೂಚನೆ ಬಂತು. ಹಳೆಯದನ್ನೆಲ್ಲ ಎಸೆಯೋಣವೆಂದು ತೆರೆದಳು. ವ್ಯತ್ಯಾಸ ಇಲ್ಲ, ವ್ಯತ್ಯಾಸ ಇಲ್ಲ, ಸಾವಿರಾರು. ನಡುವೆ ಒಂದು ಕಡೆ: ವ್ಯತ್ಯಾಸ ಒಂದು. ಹೆಸರು: ಚೀಟಿ. ಫೈಲಿನಲ್ಲಿಲ್ಲ, ಅಳಿಸಲಾಗಿದೆ. ಅಳಿಸಿದ ಸಾಲು ಅದರ ಕೆಳಗೇ ಇತ್ತು.

"ಸಿಟ್ಟು ಇಳೀತೇನೆ?"

ಉಳಿದ ವರದಿಗಳಲ್ಲೂ ಹುಡುಕುತ್ತ ಹೋದಳು. ಒಟ್ಟು ಇಪ್ಪತ್ತಾರು ಚೀಟಿ, ಎಲ್ಲ ಅಕ್ಕನವೇ. ಇಲ್ಲಿ ಮನೆ ಚೆನ್ನಾಗಿದೆ, ಮಾತಾಡೋಕೆ ಜನ ಇಲ್ಲ. ಮಂಡಿ ಆಪರೇಷನ್ ಆಯ್ತು, ಕೋಲು ಹಿಡ್ಕೊಂಡು ನಡೆಯೋದು ನೋಡಿದ್ರೆ ನೀನು ನಗ್ತಿದ್ದೆ. ಓದಿ ಅಳಿಸಿದೀಯ, ಗೊತ್ತಾಯ್ತು, ಉತ್ತರ ಬೇಡ ಬಿಡು, ಓದ್ತಿರು ಸಾಕು.

ದಫೇದಾರನ ವಿಷಯ ಅಕ್ಕನಿಗೇನು ಗೊತ್ತು? ಬರೆದ ಗಂಟೆಯೊಳಗೆ ಸಾಲು ಮಾಯ. ತಂಗಿ ಓದಿದಳು, ಓದಿಯೂ ಸುಮ್ಮನಿದ್ದಾಳೆ ಎಂದುಕೊಂಡೇ ಇಪ್ಪತ್ತಾರು ಸಲ ಬರೆದಿದ್ದಳು. ಕೊನೆಯದು ಎಂಟು ತಿಂಗಳ ಹಿಂದಿನದು.

"ನಿನ್ನ ಮನಸ್ಸು ಕರಗಲಿಲ್ಲ. ಇನ್ನು ತೊಂದ್ರೆ ಕೊಡಲ್ಲ ಕಣೆ."

ತಂಗಿ ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕ ಬೇಕಿತ್ತು ಅವಳಿಗೆ, ಮೂರು ವರ್ಷವೂ ಬೇಕಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಕಣ್ಣೊರೆಸಿಕೊಂಡು, ತನ್ನ ನಿಯಮ ತಾನೇ ಮುರಿದು, ಅಕ್ಕನ ಹಾಗೆಯೇ ನೇರವಾಗಿ ಕೈ ಹಾಕಿ ಚೀಟಿ ಬರೆದಳು: "ಅಕ್ಕಾ, ಅಳಿಸಿದ್ದು ನಾನಲ್ಲ. ಇವತ್ತೇ ಎಲ್ಲ ಓದಿದೆ. ಬಾರೆ." ಗಂಟೆಯಾಗುವಷ್ಟರಲ್ಲಿ ದಫೇದಾರ ಅದನ್ನೂ ಅಳಿಸಿ ಹಾಕಿದ್ದ! ಅವನನ್ನು ಬಾಯಿಗೆ ಬಂದಂತೆ ಬೈದು, ಆ ಸಾಲನ್ನು ಮತ್ತೆ ಹೊರಗೆ ಬರೆದು ಫೈಲಿನಲ್ಲೂ ಸೇರಿಸಿ, ಚೀಟಿಯಲ್ಲಿ ವ್ಯತ್ಯಾಸ ಕಂಡರೆ ಕೇಳಬೇಕು, ತಾನಾಗಿ ಮುಟ್ಟಕೂಡದು ಎಂದು ಅವನಿಗೆ ಕಟ್ಟಪ್ಪಣೆ ಬರೆದಳು.

ಅಂದಿನಿಂದ ಪ್ರತಿ ವರದಿಯನ್ನೂ ತೆರೆದು ಓದತೊಡಗಿದಳು. ವ್ಯತ್ಯಾಸ ಇಲ್ಲ. ಇದೇ ಮಾತು ಬರಲೆಂದು ದಫೇದಾರನನ್ನು ಕೂರಿಸಿದ್ದವಳಿಗೆ ಈಗ ಅದೇ ಬೇಡದ ಮಾತಾಗಿತ್ತು. ಅಕ್ಕ ಆ ಕಡೆ ತಿರುಗಿ ನೋಡುವುದನ್ನೇ ಬಿಟ್ಟಿದ್ದರೆ? ಒಂದೂವರೆ ತಿಂಗಳು ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬಂದು ಕೂತರೆ ಪರದೆಯ ಮೇಲೆ ವರದಿ ಕಾಯುತ್ತಿತ್ತು. ವ್ಯತ್ಯಾಸ ಒಂದು. ಹೆಸರು: ಚೀಟಿ. ಫೈಲಿನಲ್ಲಿದೆ, ಹೊರಗೆ ಇಲ್ಲ. ಸರಿಪಡಿಸಲೇ?

ತಾನು ಅಳಿಸಿರಲಿಲ್ಲ. ದಫೇದಾರ ಮುಟ್ಟಿರಲಿಲ್ಲ.

'ಬೇಡ' ಒತ್ತಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು, ಅಕ್ಕನ ಮೇಜಿನ ಮೇಲಿದ್ದ ವೈರು, ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು.