ಚಿತ್ರದೊಳಗಿನ ಹಕ್ಕಲು

ಹೊಲದಲ್ಲಿ ಕೊಯ್ದು ಕಟ್ಟಿಟ್ಟ ತೆನೆಯ ಕೊನೆಯ ಸಿವುಡು ಗಾಡಿ ಹತ್ತುವವರೆಗೆ ನಮ್ಮೂರಿನಲ್ಲಿ ಬಡವರು ಹಕ್ಕಲು ಆಯಲು ಇಳಿಯುವಂತಿಲ್ಲ. ಹತ್ತಿದ ಮೇಲೆ ಉದುರಿದ ತೆನೆಯೆಲ್ಲ ನಮ್ಮದು, ಧಣಿಯೂ ಕೇಳುವಂತಿಲ್ಲ. ಗಂಡ ಸತ್ತ ಮೇಲೆ ನನಗೂ ಅತ್ತೆ ಟ್ರೀನಳಿಗೂ ಚಳಿಗಾಲದ ರೊಟ್ಟಿ ಬರುತ್ತಿದ್ದದ್ದು ಹೀಗೆಯೇ, ಲ್ಯೂಡರ್ಸ್ ಧಣಿಯ ರೈ ಧಾನ್ಯದ ಹೊಲದಿಂದ.

ಆ ವರ್ಷ ಕೊಯ್ಲು ಮುಗಿದ ಮರುದಿನ ಪಟ್ಟಣದಿಂದ ಓಸ್ಟರ್ಲೋ ಎಂಬ ಚಿತ್ರಕಾರ ಬಂದ. ಸಂಜೆ ಬಿಸಿಲಿಗೆ ನಿಂತ ಸಿವುಡುಗಳು ಅವನಿಗೆ ಹಿಡಿಸಿಬಿಟ್ಟವು. ಚಿತ್ರ ಮುಗಿಯುವವರೆಗೆ ಮುಂದಿನ ಸಾಲನ್ನಾದರೂ ಬಿಡಿ ಎಂದು ಧಣಿಯನ್ನು ಕೇಳಿಕೊಂಡ. ತನ್ನ ಹೊಲ ಪಟ್ಟಣದ ಗೋಡೆ ಏರುತ್ತದೆಂದರೆ ಧಣಿ ಬೇಡವೆನ್ನುತ್ತಾನೆಯೇ? ಉಳಿದದ್ದನ್ನೆಲ್ಲ ಕಣಜಕ್ಕೆ ಸಾಗಿಸಿ ಹನ್ನೆರಡು ಸಿವುಡು ಬಿಟ್ಟ.

ಹನ್ನೆರಡಿರಲಿ, ಒಂದಿರಲಿ, ಹೊಲ ಮುಚ್ಚಿದ ಹಾಗೆಯೇ. ಇಳಿದರೆ ಕಳ್ಳಿ ಎನ್ನಿಸಿಕೊಳ್ಳಬೇಕು, ಮುಂದಿನ ವರ್ಷ ಕೂಲಿಗೂ ಕರೆಯುವುದಿಲ್ಲ. ನಾನು ಬದುವಿನ ಮೇಲೆ ಕಾದೆ. ಚಿತ್ರಕಾರ ಒಂದು ದಿನ ಮೋಡ ಸರಿಯಿಲ್ಲವೆಂದ, ಇನ್ನೊಂದು ದಿನ ನೆರಳು ಸರಿಯಿಲ್ಲವೆಂದ. ಮೋಡವನ್ನೂ ನಾವೇ ತಂದುಕೊಡಬೇಕಿತ್ತೇನೋ. ಆರನೆಯ ದಿನ ತಡೆಯಲಾರದೆ ಧಣಿಯ ಬಳಿಗೆ ಹೋದೆ.

"ಧಣಿ, ಕಾಗೆಗಳು ತಿಂದು ಮುಗಿಸ್ತಾ ಇವೆ. ಆ ಹನ್ನೆರಡು ಎತ್ತಿಸ್ಬಿಡಿ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ."

"ಏನವಸರ, ಗೆಸೀನೆ? ತೆನೆಗೇನು ಕಾಲು ಬಂದಿದೆಯಾ, ಓಡಿಹೋಗೋಕೆ?"

ಹಿಂತಿರುಗುವಾಗ ಚಿತ್ರಕಾರ ನನ್ನನ್ನು ನಿಲ್ಲಿಸಿದ. ಮುಖದಲ್ಲಿ ಕೆಡುಕಿರಲಿಲ್ಲ, ಅದೇ ಇನ್ನೂ ಉರಿಸುತ್ತದೆ.

"ಸ್ವಲ್ಪ ಬಗ್ಗಿ ನಿಂತ್ಕೋತೀಯೇನಮ್ಮ? ತೆನೆ ಆಯ್ತಾ ಇರೋ ಹಾಗೆ."

ಬೇಗ ಮುಗಿಸಿಯಾನು ಎಂದುಕೊಂಡು ಒಪ್ಪಿದೆ. ಎಂಥ ದಡ್ಡಿ ನಾನು! ನನ್ನನ್ನು ಸೇರಿಸಲು ಅವನಿಗೆ ಇನ್ನೂ ಮೂರು ದಿನ ಹಿಡಿಯಿತು. ಬದುವಿನ ಬರಿಯ ಹುಲ್ಲಿನ ಮೇಲೆ, ಏನನ್ನೂ ಆಯದೆ, ಮೂರು ದಿನ ಬಗ್ಗಿ ನಿಂತೆ. ಹತ್ತನೆಯ ದಿನ ಹಿಡಿದ ಮಳೆ ವಾರ ಬಿಡಲಿಲ್ಲ. ಸಿವುಡು ಎತ್ತಿಸಿ, ಇನ್ನು ಇಳಿಯಬಹುದು ಎಂದು ಧಣಿ ಹೇಳಿಕಳಿಸುವಷ್ಟರಲ್ಲಿ ಕಾಳೆಲ್ಲ ಕೆಸರಿನಲ್ಲಿ ಮೊಳೆತಿತ್ತು. ಎರಡು ಹಿಡಿ ಸಿಕ್ಕಿತು, ಅದೂ ಹುಳಿವಾಸನೆ.

ಕ್ರಿಸ್ಮಸ್ಸಿಗೆ ಮುಂಚೆಯೇ ಅತ್ತೆ, ದಿಕ್ಕಿಲ್ಲದವರಿಗೆಂದು ಊರು ನಡೆಸುವ ಬಡವರ ಮನೆ ಸೇರಿದಳು. ಒಬ್ಬಳ ಗಂಜಿಯನ್ನು ಇಬ್ಬರಿಗೆ ಎಷ್ಟು ದಿನ ಹಂಚಲಿ? ಅವಳ ಗಂಟನ್ನು ನಾನೇ ಹೊತ್ತು ಬಿಟ್ಟುಬಂದೆ.

ವಸಂತದಲ್ಲಿ ಧಣಿಯ ನಡುಮನೆ ಒರೆಸಲು ಹೋದಾಗ ಗೋಡೆಯ ಮೇಲೆ ಆ ಚಿತ್ರವಿತ್ತು, ಚಿತ್ರಕಾರನ ಉಡುಗೊರೆ. ಹೊನ್ನಿನ ಬಣ್ಣದ ಹೊಲ, ಹನ್ನೆರಡು ಸಿವುಡು, ಅವುಗಳ ನಡುವೆ ಬಗ್ಗಿರುವ ನಾನು. ನನ್ನ ಉಡಿಯ ತುಂಬ ತೆನೆ.

ಧಣಿ ಪಾದ್ರಿಗೆ ಅದನ್ನು ತೋರಿಸುತ್ತಿದ್ದ. "ನೋಡಿ, ನಮ್ಮ ಹೊಲ ಯಾವತ್ತೂ ಬಡವರಿಗೆ ಕಡಿಮೆ ಮಾಡಿದ್ದಿಲ್ಲ."

ಪಾದ್ರಿ ತಲೆದೂಗಿದರು. ಚಿತ್ರದಲ್ಲಿ ಬಗ್ಗಿದವಳೇ ಅಲ್ಲಿ ಬಗ್ಗಿ ನೆಲ ಒರೆಸುತ್ತಿದ್ದಾಳೆಂದು ಅವರಿಬ್ಬರಿಗೂ ಗುರುತು ಹತ್ತಲಿಲ್ಲ.