ಕೆಮೊಯಾಂಗ್ ಎಲೆ

ರುಬೀನ ಬೆಳಿಗ್ಗೆ ಕ್ಲಿನಿಕ್ಕಿಗೆ ಹೊರಟಳೆಂದರೆ ದುಬೈಯ ಅಲ್ ಕುಸೈಸಿನ ಆ ಫ್ಲ್ಯಾಟಿನಲ್ಲಿದ್ದ ಗಿಡಗಳಿಗೆಲ್ಲ ಅವಳ ಅತ್ತೆ ಮೆಹರುನ್ನಿಸಳೇ ದಿಕ್ಕು. ಗಿಡಗಳೆಂದರೆ ಒಂದೆರಡಲ್ಲ. ಹಾಲಿನ ಕಿಟಕಿಯ ಪಕ್ಕ, ಕಪಾಟಿನ ನೆತ್ತಿ, ಕೊನೆಗೆ ಸ್ನಾನದ ತೊಟ್ಟಿಯ ಅಂಚನ್ನೂ ಅವು ಬಿಟ್ಟಿರಲಿಲ್ಲ. ಎಲ್ಲವೂ ಬೋರ್ನಿಯೋ, ಸುಮಾತ್ರಾ ಕಡೆಯ ಮಳೆಕಾಡಿನವು, ಎಲ್ಲವೂ ನಮ್ಮ ಕೆಸುವಿನ ನೆಂಟರು. ಕೆಲವಕ್ಕೆ ಆನೆಯ ಕಿವಿಯಂಥ ಎಲೆ, ಕೆಲವಕ್ಕೆ ಮಖಮಲ್ಲಿನಂಥ ಮೈ. ಹೊರಗಿನ ಬಿಸಿಲೂ ಆಗದ, ಒಳಗಿನ ಎಸಿಯ ಒಣಗಾಳಿಯೂ ಆಗದ ನಾಜೂಕಿನವುಗಳಿಗೆ ರುಬೀನ ಒಂದು ಗಾಜಿನ ಬೀರು ತಂದಿದ್ದಳು. ಅದರೊಳಗೆ ಮಂಜು ಉಗುಳುವ ಪುಟ್ಟ ಡಬ್ಬಿ, ಮೇಲೊಂದು ದೀಪ.

"ನಮ್ಮ ರೂಮಿನ ಎಸಿ ಕೆಟ್ಟು ಎಷ್ಟು ದಿನ ಆಯ್ತು, ಕೇಳುವವರಿಲ್ಲ. ಕೆಸುವಿಗೆ ಮಾತ್ರ ಫೈವ್ ಸ್ಟಾರ್ ಹೋಟೆಲ್!" ಎಂದು ರುಬೀನಳ ಗಂಡ ಝಹೀರ್ ಗೊಣಗುತ್ತಿದ್ದ.

ಗಂಡ ತೀರಿಕೊಂಡ ಮೇಲೆ ಮೆಹರುನ್ನಿಸ ಉಪ್ಪಿನಂಗಡಿಯ ಮನೆಗೆ ಬೀಗ ಹಾಕಿ ಮಗನಲ್ಲಿಗೆ ಬಂದಿದ್ದಳು. ಬಂದ ಹೊಸತರಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಸೊಸೆ ನೀರಿನ ಕ್ಯಾನು ಕೈಗೆ ಕೊಟ್ಟಿದ್ದೇ ಉಪಕಾರವಾಯಿತು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹೊಸದೊಂದು ಗಿಡದ ಪೊಟ್ಟಣ ಬಂತು. ರುಬೀನ ಅಬುಧಾಬಿಯ ಯಾರೋ ಹೆಂಗಸಿನಿಂದ ತರಿಸಿಕೊಂಡಿದ್ದು. ಪೆಟ್ಟಿಗೆ ಬಿಚ್ಚಿ, ಒದ್ದೆ ಪಾಚಿಯನ್ನು ಬಿಡಿಸಿ, ಗಿಡವನ್ನು ಬೀರುವಿನೊಳಗಿಟ್ಟು ಅವಳು ಕೆಲಸಕ್ಕೆ ಓಡಿದಳು. ಹೃದಯದ ಆಕಾರದ ಎಲೆ, ಕೆಂಪು ಮಿಶ್ರಿತ ಕಂದು ದಂಟು. ನೋಡಲು ಅಂಥ ಚೆಂದವೇನಲ್ಲ. ಒಂದು ಎಲೆ ದಾರಿಯಲ್ಲೇ ಮುರಿದು ಜೋತುಬಿದ್ದಿತ್ತು. ಕೊಳೆತರೆ ಉಳಿದವಕ್ಕೂ ತಗಲೀತೆಂದು ಮೆಹರುನ್ನಿಸ ಅದನ್ನು ಚಿವುಟಿದಳು; ಕಸದ ಬುಟ್ಟಿಗೆ ಹಾಕುವ ಮುಂಚೆ ಅಭ್ಯಾಸಬಲದಿಂದ ಅಂಗೈಯಲ್ಲಿ ಹಿಸುಕಿದಳು.

ಸೋಂಪು ಮತ್ತು ಹಸಿಶುಂಠಿಯನ್ನು ಒಟ್ಟಿಗೆ ಅರೆದಂಥ ವಾಸನೆ ಮೂಗಿಗೆ ಬಡಿಯಿತು.

ಅವಳು ಸೋಫಾದ ಅಂಚು ಹಿಡಿದು ನೆಲದ ಮೇಲೇ ಕುಳಿತಳು. ಬಾಯಿಯಿಂದ ಒಂದು ಶಬ್ದ ತಾನಾಗಿ ಹೊರಬಿತ್ತು: "ಕೆಮೊಯಾಂಗ್."

ಮಧ್ಯಾಹ್ನ ರುಬೀನ ಬಂದಾಗ ಅತ್ತೆ ಇನ್ನೂ ಅಲ್ಲೇ ಇದ್ದಳು. ಅಡಿಗೆ ಆಗಿರಲಿಲ್ಲ. ಕೈಯಲ್ಲಿ ಮುದ್ದೆಯಾದ ಎಲೆ.

"ಎಂತ ಆಯ್ತು ಮಾಮಿ? ಬಿಪಿ ನೋಡ್ಲಾ?"

"ಬಿಪಿ ಅಲ್ಲ ರುಬೀ. ಇದು ಕೆಮೊಯಾಂಗ್. ಇದರ ನೀರಲ್ಲಿ ನನ್ನನ್ನು ಮೀಯಿಸ್ತಿದ್ರು."

"ಯಾರು? ಎಲ್ಲಿ?"

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲೇ ಇಲ್ಲ. ಗಂಡ ಕೇಳಿರಲಿಲ್ಲ, ಮಗನಿಗೆ ಕೇಳಲು ಏನೂ ಗೊತ್ತಿರಲಿಲ್ಲ. ರುಬೀನ ಬುರ್ಖಾ ಕೂಡ ತೆಗೆಯದೆ ಎದುರಿಗೆ ಕುಳಿತಳು, ಮೆಹರುನ್ನಿಸ ಹೇಳತೊಡಗಿದಳು.

ಹೆತ್ತ ತಾಯಿ ಸತ್ತಾಗ ಅವಳಿನ್ನೂ ಶಾಲೆಯ ಮೆಟ್ಟಿಲು ಹತ್ತಿರಲಿಲ್ಲ. ತಂದೆಗೆ ದೂರದ ಬೋರ್ನಿಯೋದಲ್ಲಿ, ಸರಾವಾಕಿನ ಕುಚಿಂಗ್ ಊರಿನಲ್ಲಿ ಜವಳಿ ಅಂಗಡಿ. ಮಗಳನ್ನು ಹಡಗು ಹತ್ತಿಸಿ ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ರೋಹಾನಿ ಎಂಬ ಮಲಾಯ್ ಹೆಣ್ಣನ್ನು ನಿಕಾಹ್ ಮಾಡಿಕೊಂಡಿದ್ದರು. ಹೊಳೆಯ ಆಚೆ ದಡದಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆ. ಹೊಳೆ ದಾಟಲು ಚಾವಣಿಯಿದ್ದ ಸಣ್ಣ ದೋಣಿ. ಮೊದಲ ದಿನ ಹೆದರಿ ಮೂಲೆ ಸೇರಿದ್ದ ಹುಡುಗಿಯನ್ನು ರೋಹಾನಿ ಎಳೆಯಲಿಲ್ಲ, ಮುದ್ದಿಸಲೂ ಇಲ್ಲ. ಒಂದು ಬಟ್ಟಲಲ್ಲಿ ಅನ್ನ, ಹುರಿದ ಮೀನು ತಂದು ತಾನೂ ಅದೇ ಮೂಲೆಯಲ್ಲಿ ಕುಳಿತು ಉಂಡಳು. ಮೆಹರುನ್ನಿಸ ಎಂದು ಅವಳಿಗೆ ನಾಲಿಗೆ ಹೊರಳುತ್ತಿರಲಿಲ್ಲ. "ನಿಸಾ" ಎಂದಳು. ಆಮೇಲೆ ಆ ಊರಿಗೆಲ್ಲ ಅವಳು ನಿಸಾ.

"ನಾನು ಅವಳನ್ನು ಮಾಕ್ ಅಂತಿದ್ದೆ. ಅಂದ್ರೆ ಉಮ್ಮ."

ರೋಹಾನಿಯ ತವರು ಸಾಂತುಬೊಂಗ್ ಬೆಟ್ಟದ ಬುಡದಲ್ಲಿತ್ತು. ರಜೆಯಲ್ಲಿ ಇಬ್ಬರೂ ಹೋಗುತ್ತಿದ್ದರು. ಮನೆಯ ಹಿಂದೆ ಕಾಡು, ಕಾಡಿನೊಳಗೆ ಒಂದು ತೊರೆ. ಹಗಲಲ್ಲೂ ಮಬ್ಬು. ತೊರೆಯ ನಡುವಿನ ಕರಿಬಂಡೆಗಳನ್ನು ಬೇರಿನಿಂದ ಅವಚಿಕೊಂಡು ಈ ಗಿಡಗಳು ಬೆಳೆದಿರುತ್ತಿದ್ದವು. ನೆರೆ ಬಂದು ತಲೆಯ ಮೇಲೆ ಹರಿದರೂ ಬಂಡೆ ಬಿಡುತ್ತಿರಲಿಲ್ಲ. ರೋಹಾನಿ ಲುಂಗಿ ಎತ್ತಿಕಟ್ಟಿ ನೀರಿಗಿಳಿದು ಎಲೆ ಕೊಯ್ಯುವಳು. ಜ್ವರ ಬಿಟ್ಟ ಮೇಲೆ ಆ ಎಲೆ ಕುದಿಸಿದ ನೀರಲ್ಲಿ ಹುಡುಗಿಯ ತಲೆ ತೊಳೆಯುವಳು. ಮಳೆಯ ಸಂಜೆ, ಒದ್ದೆ ಕೂದಲು, ಮರದ ನೆಲದ ಕೆಳಗೆ ಕೋಳಿಗಳ ಗೊರಗೊರ. ಅಷ್ಟು ಸುಖದ ನಿದ್ದೆ ಮತ್ತೆಲ್ಲೂ ಬರಲಿಲ್ಲ ಎಂದಳು ಮೆಹರುನ್ನಿಸ.

"ಮತ್ತೆ ಬಂದದ್ದು ಯಾಕೆ?"

"ಊರಲ್ಲಿದ್ದ ಅಜ್ಜಿ ಹಟ ಹಿಡಿದ್ರು. ಹೆಣ್ಣುಮಗು ದೊಡ್ಡದಾಗ್ತಾ ಬಂತು, ಊರಲ್ಲಿ ಬೆಳೀಬೇಕು, ಊರಲ್ಲೇ ಮದುವೆ ಆಗ್ಬೇಕು ಅಂತ. ಬಾಪ ಕರ್ಕೊಂಡು ಬಂದು ಬಿಟ್ಟು, ಒಬ್ಬರೇ ತಿರುಗಿ ಹೋದ್ರು. ಸ್ವಲ್ಪ ವರ್ಷಕ್ಕೆ ಅಲ್ಲೇ ತೀರಿಕೊಂಡ್ರು. ಆಮೇಲೆ ಖಲಾಸ್. 'ಆ ಮಲಾಯದವಳ ಹೆಸರು ಈ ಮನೆಯಲ್ಲಿ ಎತ್ತಬೇಡ' ಅಂದಿದ್ರು ಅಜ್ಜಿ. ನಾನು ಎತ್ತಲಿಲ್ಲ."

ಎತ್ತದಿದ್ದರೂ ಮರೆತಿರಲಿಲ್ಲ. ಮಳೆಗಾಲದಲ್ಲಿ ಪತ್ರೊಡೆಗೆಂದು ಅಜ್ಜಿ ಕೆಸುವಿನ ಎಲೆ ತರಲು ತೋಡಿನ ಬದಿಗೆ ಕಳಿಸಿದರೆ ಹುಡುಗಿ ಒಂದೊಂದು ಎಲೆಯನ್ನೂ ಹಿಸುಕಿ ಮೂಸುತ್ತಿದ್ದಳು. ನೋಡಲು ಅದೇ ಎಲೆ, ವಾಸನೆ ಮಾತ್ರ ಇಲ್ಲ. ಅಂಗೈ ತುರಿಸಿ ಕೆಂಪಾಗುತ್ತಿತ್ತು. ಹಸಿ ಎಲೆಯನ್ನು ಹಿಸುಕುವ ಹುಚ್ಚು ಯಾಕೆಂದು ಮನೆಯವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ರಾತ್ರಿ ಊಟದ ಹೊತ್ತಿಗೆ ರುಬೀನ ಗಂಡನಿಗೆ ಎಲ್ಲ ಹೇಳಿದಳು. ಝಹೀರ್ ಚಪಾತಿ ಮುರಿಯುವುದನ್ನು ನಿಲ್ಲಿಸಿದ.

"ನನಗೆ ಇನ್ನೊಬ್ಬರು ಅಜ್ಜಿ ಇದ್ರಾ? ನನಗೆ ಯಾಕೆ ಹೇಳಲಿಲ್ಲ ಉಮ್ಮ?"

"ಹೇಳಿ ಎಂತ ಮಾಡ್ಲಿಕ್ಕಿತ್ತು ಮಗಾ? ಫೋನಾ, ವಿಳಾಸವಾ, ಎಂತ ಇತ್ತು ಹೇಳು?"

"ಮಾಮಿ, ಗಿಡ ಕಳಿಸಿದ ಹೆಂಗಸು ಸರಾವಾಕಿನವರೇ" ಎಂದಳು ರುಬೀನ. "ದಯಾಂಗ್ ಅಂತ. ಅಬುಧಾಬಿಯ ಖಲೀಫಾ ಸಿಟಿಯಲ್ಲಿರೋದು."

ಝಹೀರ್ ತಾಯಿಯ ಮುಖ ನೋಡಿದ. "ಭಾನುವಾರ ಹೋಗುವ" ಎಂದ.

ದಯಾಂಗಳ ವಿಲ್ಲಾ ಹೊರಗಿನಿಂದ ಉಳಿದವುಗಳಂತೆಯೇ ಇತ್ತು: ಮಣ್ಣಿನ ಬಣ್ಣದ ಗೋಡೆ, ಗೇಟಿನ ಮುಂದೆ ಧೂಳು ಹಿಡಿದ ಕಾರು. ಆದರೆ ಹಿಂಬದಿಯ ಕೋಣೆಯ ಬಾಗಿಲು ತೆರೆದೊಡನೆ ಒದ್ದೆ ಮಣ್ಣಿನ ಬಿಸಿ ಉಸಿರು ಎದುರಾಯಿತು. ನೆಲದಿಂದ ಮಾಡಿನವರೆಗೆ ಎಲೆಯೇ ಎಲೆ. ಝಹೀರನ ಕನ್ನಡಕಕ್ಕೆ ಮಂಜು ಕವಿದು ಅವನು ಹೊರಗೇ ಉಳಿದ. ಮೆಹರುನ್ನಿಸ ಒಳಗೆ ಹೋಗಿ ಒಂದು ತೊಟ್ಟಿಯ ಮುಂದೆ ನಿಂತಳು. ಅದರಲ್ಲಿ ಕಲ್ಲುಗಳ ನಡುವೆ ಪಂಪಿನ ನೀರು ಹರಿಯುತ್ತಿತ್ತು.

"ಬಾತು" ಎಂದಳು ಕಲ್ಲು ಮುಟ್ಟಿ. "ಆಯೆರ್" ಎಂದಳು ನೀರಿಗೆ. ಸ್ವಲ್ಪ ತಡೆದು, "ಹುಜನ್" ಎಂದಳು. ಮಳೆ. ಇಷ್ಟು ಕಾಲ ಎಲ್ಲಿ ಅಡಗಿದ್ದವೋ, ಒಂದರ ಬೆನ್ನಿಗೆ ಒಂದು ಬಂದವು.

ದಯಾಂಗ್ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಮಲಾಯ್‌ನಲ್ಲಿ ಏನೋ ಕೇಳಿದಳು. ಮೆಹರುನ್ನಿಸಳಿಗೆ ಅರ್ಧ ತಿಳಿಯಿತು. ಹೊಳೆಯ ಆಚೆಯ ಹಳ್ಳಿಯ ಹೆಸರು, ರೋಹಾನಿಯ ಹೆಸರು, ತಂದೆಯ ಜವಳಿ ಅಂಗಡಿ, ಇಷ್ಟನ್ನು ಹೇಳಿದಳು. ಉಳಿದದ್ದನ್ನು ರುಬೀನ ಇಂಗ್ಲಿಷಿನಲ್ಲಿ ತುಂಬಿದಳು.

"ರೋಹಾನಿ ಎಂಬವರು ಅಲ್ಲಿ ನೂರು ಜನ ಇರ್ತಾರೆ" ಎಂದಳು ದಯಾಂಗ್. "ಆದರೆ ಇಂಡಿಯಾದ ಬಟ್ಟೆ ಅಂಗಡಿಯವನ ಹೆಂಡತಿ ರೋಹಾನಿ ಒಬ್ಬಳೇ ಇದ್ದಾಳು. ನನ್ನ ಚಿಕ್ಕಪ್ಪ ಆ ದಡದವರು. ಕೇಳ್ತೇನೆ."

ದುಬೈಗೆ ಮರಳುವಾಗ ದಾರಿಯ ಎರಡೂ ಬದಿ ಮರಳು ಬೆಳ್ಳಗೆ ಹೊಳೆಯುತ್ತಿತ್ತು.

ಆಮೇಲೆ ಸುದ್ದಿಯಿಲ್ಲ. ಒಂದು ವಾರ, ಇನ್ನೊಂದು ವಾರ. ಮೆಹರುನ್ನಿಸ ನೀರು ಹಾಕುವುದನ್ನೇ ಎರಡೆರಡು ಸಲ ಮಾಡತೊಡಗಿದಳು. ಒಂದು ಗಿಡದ ಬೇರು ಕೊಳೆಯಿತು. ರುಬೀನ ಅದನ್ನು ಕಿತ್ತು ಕುಂಡ ತೊಳೆದಿಟ್ಟಳು. "ಬದುಕಿರ್ಲಿಕ್ಕಿಲ್ಲ" ಎಂದು ಮೆಹರುನ್ನಿಸ ತನಗೆ ತಾನೇ ಹೇಳಿಕೊಳ್ಳುವಳು. ಮರುಕ್ಷಣ ರೋಹಾನಿಯ ವಯಸ್ಸನ್ನು ಲೆಕ್ಕ ಹಾಕುವಳು. ತಂದೆಗಿಂತ ಎಷ್ಟೋ ಕಿರಿಯವಳು, ಇದ್ದರೂ ಇದ್ದಾಳು.

ಅಕ್ಟೋಬರಿನ ಒಂದು ಶನಿವಾರ ಬೆಳಿಗ್ಗೆ, ಚಾ ಕುಡಿಯುತ್ತಿದ್ದಾಗ, ರುಬೀನಳ ಫೋನು ರಿಂಗಾಯಿತು. ದಯಾಂಗ್. ರುಬೀನ ಕೇಳುತ್ತ ಕೇಳುತ್ತ ಎದ್ದು ನಿಂತಳು. "ಮಾಮಿ, ಸಿಕ್ಕಿದ್ರು! ಈಗ್ಲೇ ವಿಡಿಯೋ ಮಾಡ್ತಾರಂತೆ."

ಮೆಹರುನ್ನಿಸ ತಲೆವಸ್ತ್ರ ಸರಿಮಾಡಿಕೊಂಡಳು, ಮತ್ತೆ ಬಿಚ್ಚಿ ಇನ್ನೊಂದು ಸಲ ಸುತ್ತಿಕೊಂಡಳು. ಪರದೆಯ ಮೇಲೆ ಮೊದಲು ಒಂದು ಮರದ ಗೋಡೆ ಕಂಡಿತು, ಆಮೇಲೆ ಯಾರದೋ ಕಿವಿ, ಆಮೇಲೆ ಮುಖ. ಸುಕ್ಕುಗಟ್ಟಿ ಅಂಗೈಯಷ್ಟಾದ ಮುಖ. ಆದರೆ ಕಣ್ಣು ಅವೇ.

ಇಷ್ಟು ದಿನ ಬಾಯಿಪಾಠ ಮಾಡಿಕೊಂಡಿದ್ದ ಮಲಾಯ್ ಮಾತು ಒಂದೂ ನೆನಪಿಗೆ ಬರಲಿಲ್ಲ. ಕೊನೆಗೆ ಬಂದದ್ದು ಮನೆಯ ಬ್ಯಾರಿ ಮಾತು: "ಮಾಕ್, ನಾನು. ನಿಮಗೆ ನಾನು ಕಾಣ್ತೇನಾ?"

ಅತ್ತ ಕಡೆ ಫೋನು ಹಿಡಿದಿದ್ದ ಹುಡುಗಿ ಮಲಾಯ್‌ನಲ್ಲಿ ಏನೋ ಹೇಳಲು ಹೊರಟಳು. ಮುದುಕಿ ಕೈಯಾಡಿಸಿ ಅವಳ ಬಾಯಿ ಮುಚ್ಚಿಸಿದಳು.

"ಕಾಣದೆ ಎಂತ? ನನ್ನ ಕಣ್ಣು ಸರಿ ಉಂಟು" ಎಂದಳು. ಬ್ಯಾರಿ ಭಾಷೆಯಲ್ಲಿ. "ನಿನ್ನ ಹಲ್ಲು ಎಲ್ಲಿ ಹೋಯ್ತು?"

ಝಹೀರ್ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಡಲು ಹೋಗಿ ಚಾವನ್ನು ನೆಲಕ್ಕೇ ಚೆಲ್ಲಿದ. ಬೋರ್ನಿಯೋದ ಹೊಳೆದಡದಲ್ಲಿ ಕುಳಿತ ಹೆಂಗಸಿನ ಬಾಯಲ್ಲಿ ಉಪ್ಪಿನಂಗಡಿಯ ಅಡಿಗೆಮನೆಯ ಮಾತು! ಅದೂ ಈಗಿನದ್ದಲ್ಲ. ಅವಳು ಚೊಂಬಿಗೆ, ಜಗಲಿಗೆ, ಸಂಜೆಯ ಹೊತ್ತಿಗೆ ಬಳಸುತ್ತಿದ್ದ ಎಷ್ಟೋ ಶಬ್ದ ಝಹೀರನಿಗೆ ತಿಳಿಯಲಿಲ್ಲ. ತೀರಿಹೋದ ಅಜ್ಜಿಯಂದಿರು ಆಡುತ್ತಿದ್ದಂಥ ಶಬ್ದಗಳು. ಮೆಹರುನ್ನಿಸಳೇ ಮಗನಿಗೆ ಬಿಡಿಸಿ ಹೇಳಬೇಕಾಯಿತು.

"ಬಾಪನಿಂದ ಕಲಿತ ನಮ್ಮ ಮಾತು ನೀವು ಮರೆಯಲಿಲ್ವಾ ಮಾಕ್?"

"ನಿನ್ನ ಬಾಪ ಹೋದ ಮೇಲೆ ಆಡ್ಲಿಕ್ಕೆ ಯಾರೂ ಇರ್ಲಿಲ್ಲ. ಕೋಳಿಗಳ ಹತ್ರ ಆಡಿದೆ. ಬೈಯ್ಲಿಕ್ಕೆ ನಿಮ್ಮ ಭಾಷೆ ಒಳ್ಳೇದು."

ಮೆಹರುನ್ನಿಸ ನಕ್ಕಳು, ನಗುತ್ತಲೇ ಅತ್ತಳು. ಬಾಲ್ಯದಿಂದ ಎದೆಯಲ್ಲಿ ಚುಚ್ಚುತ್ತಿದ್ದ ಒಂದು ಮಾತನ್ನು ಆಗಲೇ ಕೇಳಿಬಿಟ್ಟಳು. "ನಾನು ಹೊರಟ ದಿನ ನೀವು ಹಡಗುಕಟ್ಟೆಗೆ ಬರಲಿಲ್ಲ. ತಲೆ ಬಾಚಿ, ಹೋಗು ಅಂದ್ರಿ, ಅಷ್ಟೇ."

ರೋಹಾನಿ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಅಂಗಡಿಯ ಮಾಳಿಗೆಯಲ್ಲಿದ್ದೆ. ಹಡಗು ಹೊಳೆಯ ತಿರುವಿನಲ್ಲಿ ಮರೆಯಾಗುವವರೆಗೂ ಕಾಣ್ತಿತ್ತು. ಕಟ್ಟೆಗೆ ಬಂದಿದ್ರೆ ನೀನು ಹತ್ತುತ್ತಿರಲಿಲ್ಲ. ನಾನೂ ಬಿಡ್ತಿರಲಿಲ್ಲ." ಆಮೇಲೆ ದನಿ ಬದಲಿಸಿ, "ನಿನ್ನ ಬಾಪನ ಕಬರ್ ಎಲ್ಲುಂಟು ಅಂತ ನಿನಗೆ ಗೊತ್ತಿಲ್ಲ. ನನ್ನ ಕಾಲು ನಡೆಯುವಾಗ ಬಾ, ತೋರಿಸ್ತೇನೆ" ಎಂದಳು.

ಡಿಸೆಂಬರಿನ ರಜೆಯಲ್ಲಿ ಮೂವರೂ ಹೋದರು. ಕುಚಿಂಗ್ ಬೆಳೆದು ದೊಡ್ಡ ಪೇಟೆಯಾಗಿತ್ತು. ಜವಳಿ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಆದರೆ ಹೊಳೆ ದಾಟಿಸುವ ಚಾವಣಿಯ ದೋಣಿ ಇನ್ನೂ ಇತ್ತು. ರೋಹಾನಿಯ ಮನೆಯಲ್ಲಿ ಅವಳ ತಂಗಿಯ ಮಕ್ಕಳು, ಮೊಮ್ಮಕ್ಕಳು ತುಂಬಿದ್ದರು. ಜಡಿಮಳೆ ಹಿಡಿದು ಎರಡು ದಿನ ಯಾರೂ ಹೊರಗೆ ಕಾಲಿಡಲಿಲ್ಲ. ಹೆಂಗಸರಿಬ್ಬರೂ ಕಿಟಕಿಯ ಬಳಿ ಕುಳಿತು ಆಡಿದ ಮಾತಿಗೆ ಕೊನೆಯಿರಲಿಲ್ಲ. ರುಬೀನ ಅವರಿಗೆ ಚಾ ಮಾಡಿಕೊಡುತ್ತ, ಮಾಮಿ ಹೀಗೆ ಕಾಲು ಚಾಚಿ ಗೋಡೆಗೊರಗಿ ಕೂತದ್ದನ್ನು ತಾನು ನೋಡಿಯೇ ಇಲ್ಲವಲ್ಲ ಎಂದುಕೊಂಡಳು.

ಮೂರನೆಯ ದಿನ ಮಳೆ ಹೊಳವಾಯಿತು. ರೋಹಾನಿ ಕೊಡೆ ಊರಿಕೊಂಡು ಮುಂದಾದಳು. ಹೊಳೆ ದಾಟಿ ಹೋದರೆ, ಪೇಟೆಯ ಕಬರಸ್ಥಾನದಲ್ಲಿ ತಂದೆಯ ಕಲ್ಲಿನ ಸುತ್ತ ಹುಲ್ಲು ಕಿತ್ತು ಚೊಕ್ಕಟವಾಗಿತ್ತು. ಝಹೀರ್ ತಾನು ನೋಡದ ಅಜ್ಜನಿಗಾಗಿ ಕೈಯೆತ್ತಿ ದುವಾ ಮಾಡಿದ. ಮೆಹರುನ್ನಿಸ ಕಲ್ಲಿನ ಮೇಲಿನ ಪಾಚಿಯನ್ನು ಬೆರಳಿನಿಂದ ಸವರಿದಳು.

ಹಿಂದಿರುಗುವಾಗ ಮೀನಿನ ಕಟ್ಟೆಯ ಬಳಿ ಹೆಂಗಸೊಬ್ಬಳು ರೋಹಾನಿಯನ್ನು ತಡೆದು, ಪಕ್ಕದಲ್ಲಿದ್ದ ಅಪರಿಚಿತೆಯನ್ನು ತೋರಿಸಿ ಯಾರೆಂದು ಕೇಳಿದಳು.

"ಅನಾಕ್ ಕಮೇಕ್" ಎಂದಳು ರೋಹಾನಿ.

ನನ್ನ ಮಗಳು. ಇದು ಮೆಹರುನ್ನಿಸಳಿಗೆ ಪೂರ್ತಿ ಅರ್ಥವಾಯಿತು.

ಹೆಂಗಸು ಬೆರಗಾಗಿ ಇನ್ನೂ ಏನೇನೋ ಕೇಳುತ್ತಿದ್ದಳು. ರೋಹಾನಿಗೆ ನಿಲ್ಲಲು ಪುರುಸೊತ್ತಿರಲಿಲ್ಲ. ಮೀನು ಆರಿಸಿ, ಚೌಕಾಸಿ ಮಾಡಿ, ಭಾರವಾದ ಚೀಲವನ್ನು ಮಗಳ ಕೈಗೆ ದಾಟಿಸಿದಳು. "ನಿಧಾನ ನಡಿ, ಅಲ್ಲಿ ಜಾರ್ತದೆ" ಎಂದು ಬ್ಯಾರಿಯಲ್ಲಿ ಹೇಳಿ, ಕೊಡೆ ಊರುತ್ತ ದೋಣಿಯ ಕಡೆಗೆ ಹೊರಟಳು.